ಲಗ್ನಪತ್ರಿಕೆಯ ಕಂಪ್ಯೂಟರು

ಕ್ಯಾಲೆಂಡರ್ ತೂಗುಹಾಕಲು ಮೊಳೆ ಹುಡುಕುತ್ತ ಮೊನ್ನೆ ಹಳೆಯ ಬಿಸ್ಕೀಟು ಡಬ್ಬಿಯೊಂದನ್ನು ನೆಲದ ಮೇಲೆ ಸುರುವಿದೆ. ಮೊಳೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಅದರಲ್ಲಿತ್ತು: ಬೀಗ ಕಳೆದುಹೋದ ಕೀಲಿಕೈ, ಫ್ಯೂಜಿನ ತಂತಿ, ಯಾವ ಕಾಲದ್ದೋ ಕುಕ್ಕರಿನ ಸೀಟಿ. ಇವೆಲ್ಲವುಗಳ ಅಡಿಯಲ್ಲಿ ಒಂದು ಸಣ್ಣ ಕರಿ ಸ್ಕ್ರೂ. ಕಂಪ್ಯೂಟರ್ ಬಿಚ್ಚಿ ಜೋಡಿಸಿದ ಯಾರನ್ನಾದರೂ ಕೇಳಿ ನೋಡಿ, ಎಲ್ಲ ಮುಗಿದು ಕೈ ಒರೆಸಿಕೊಳ್ಳುವ ಹೊತ್ತಿಗೆ ಒಂದು ಸ್ಕ್ರೂ ಉಳಿದೇ ಇರುತ್ತದೆ. ಅದು ಎಲ್ಲಿಯದೆಂದು ನೆನಪಾಗುವುದಿಲ್ಲ. ಅದಿಲ್ಲದೆಯೂ ಯಂತ್ರ ನಡೆಯುತ್ತಿರುತ್ತದೆ. ಎಲ್ಲರೂ ನೋಡುತ್ತಿರುವಾಗ ಮತ್ತೆ ಬಿಚ್ಚಲು ಮರ್ಯಾದೆ ಅಡ್ಡ ಬರುತ್ತದೆ. ಮೆಲ್ಲಗೆ ಅಂಗಿಯ ಜೇಬಿಗೆ ಇಳಿಸಿ, ಕೊಟ್ಟ ಚಹಾ ಕುಡಿದು ಹೊರಟುಬಿಡುತ್ತೇವೆ.

ಈ ಸ್ಕ್ರೂ ಹಾಗೆ ನನ್ನ ಜೇಬು ಸೇರಿದ್ದು ಧಾರವಾಡದ ಮಾಳಮಡ್ಡಿಯ ಒಂದು ಮನೆಯಲ್ಲಿ. ಆ ಮನೆಗೆ ನಾನು ಆಗಿನ್ನೂ ಅಳಿಯನಾಗಿರಲಿಲ್ಲ. ಆಗುತ್ತೇನೋ ಇಲ್ಲವೋ ಎಂಬುದು ಒಂದು ಕಂಪ್ಯೂಟರಿನ ಮೇಲೆ ನಿಂತುಬಿಟ್ಟಿತ್ತು.

ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿದ್ದ ಕಾಲ. ನಾನು ಹುಬ್ಬಳ್ಳಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಪಾಠವೆಂದರೆ ಏನು? ಪತ್ರಕ್ಕೆ ಎಡಗಡೆ ಎಷ್ಟು ಜಾಗ ಬಿಡಬೇಕು, ಅಕ್ಷರ ದಪ್ಪ ಮಾಡುವುದು ಹೇಗೆ, ಅಂಕಿಗಳ ಸಾಲನ್ನು ಕೂಡಿಸುವುದು ಹೇಗೆ, ಇಷ್ಟೇ. ಆದರೆ ಕಂಪ್ಯೂಟರ್ ಕಲಿಸುವವನಿಗೆ ಗೊತ್ತಿಲ್ಲದ ವಿದ್ಯೆಯೇ ಇಲ್ಲವೆಂದು ಊರು ನಂಬಿತ್ತು. ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಯಾರ ಮನೆಯ ಮಿಕ್ಸರ್ ನಿಂತರೂ, ಯಾರ ಟಿವಿಯಲ್ಲಿ ಗೆರೆ ಬಂದರೂ ನನಗೆ ಕರೆ ಬರುತ್ತಿತ್ತು. ನಾನೂ ಇಲ್ಲವೆನ್ನದೆ ಹೋಗಿ, ಪ್ಲಗ್ಗನ್ನು ಒಮ್ಮೆ ಕಿತ್ತು ಮತ್ತೆ ಚುಚ್ಚುತ್ತಿದ್ದೆ. ಅರ್ಧಕ್ಕರ್ಧ ರೋಗಗಳು ಅಷ್ಟಕ್ಕೇ ವಾಸಿಯಾಗುತ್ತಿದ್ದವು.

ಈ ಕೀರ್ತಿಗೆ ಬಾಲ್ಯದ ಹಿನ್ನೆಲೆಯೂ ಉಂಟು. ನಮ್ಮ ಮನೆಯಲ್ಲಿ ಕಪಾಟಿನಷ್ಟು ದೊಡ್ಡ ರೇಡಿಯೋ ಇತ್ತು. ಅದರ ಏರಿಯಲ್ ತಂತಿಯನ್ನು ಕಿಟಕಿಯ ಸರಳಿಗೆ ಸುತ್ತಿದ್ದರು. ಆದರೂ ಅದು ಗೊರಗೊರ ಅನ್ನುವುದು ಬಿಡುತ್ತಿರಲಿಲ್ಲ. ಒಂದು ದಿನ ನಾನು ಕಿಟಕಿಗೆ ಆತು ನಿಂತು ಪೇರಲಹಣ್ಣು ತಿನ್ನುತ್ತಿದ್ದಾಗ ರೇಡಿಯೋ ಸ್ವಚ್ಛವಾಗಿ ಹಾಡತೊಡಗಿತು. ಸರಿದೆ, ಮತ್ತೆ ಗೊರಗೊರ. ಅಂದಿನಿಂದ ಸಂಜೆಯ ವಾರ್ತೆಯ ಹೊತ್ತಿಗೆ ಅಪ್ಪ ನನ್ನನ್ನು ಹುಡುಕಿ ತಂದು ಕಿಟಕಿಯ ಸರಳು ಹಿಡಿಸಿ ನಿಲ್ಲಿಸುತ್ತಿದ್ದರು. "ನಮ್ಮ ಮಹಾಂತೇಶ ಮುಟ್ಟಿದ್ರ ಮಷಿನ್ನು ಮಾತು ಕೇಳತಾವು" ಎಂದು ಅವ್ವ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ಹೊರಗೆ ಹುಡುಗರು ಗೋಲಿಯಾಡುವ ಸದ್ದು ಕೇಳುತ್ತ, ದೇಶದ ವಿದ್ಯಮಾನಗಳಿಗಾಗಿ ನಾನು ಕಂಬದಂತೆ ನಿಂತಿರುತ್ತಿದ್ದೆ. ಅವ್ವನ ಆ ಮಾತು ನನ್ನ ತಲೆಗೆ ಸ್ವಲ್ಪ ಏರಿತ್ತು ಅಂತಲೇ ಅನ್ನಿ.

ಮಾಳಮಡ್ಡಿಯ ಗಿರಿಜಾಳೊಂದಿಗೆ ನನ್ನ ಮದುವೆ ನಿಶ್ಚಯವಾಯಿತು. ಅವಳು ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಹೆಣ್ಣು ನೋಡಲು ಹೋದ ದಿನ ನಮ್ಮಿಬ್ಬರ ಮಾತುಕತೆ ಹೀಗೆ ನಡೆದಿತ್ತು: "ಚಹಾಕ್ಕ ಸಕ್ಕರಿ ಸಾಕೇನ್ರಿ?" "ಸಾಕ್ರಿ." ಸಕ್ಕರೆ ಹಾಕುವುದನ್ನೇ ಅವರು ಮರೆತಿದ್ದರು. ಆಮೇಲೆ ನಿಶ್ಚಯದ ದಿನ ಅವಳು ತಲೆಯೆತ್ತಿ ನೋಡಿದಾಗ ನಾನು ತಲೆ ತಗ್ಗಿಸಿದ್ದೆ, ನಾನು ನೋಡಿದಾಗ ಅವಳು ಒಳಗೆ ಹೋಗಿದ್ದಳು. ನಮ್ಮ ಪರಿಚಯ ಅಲ್ಲಿಗೆ ನಿಂತಿತ್ತು.

ಅವಳ ತಂದೆ ನಿವೃತ್ತ ಡ್ರಾಯಿಂಗ್ ಮಾಸ್ತರು. ಮಗಳ ಲಗ್ನಪತ್ರಿಕೆಯನ್ನು ತಾವೇ ತಯಾರಿಸಬೇಕೆಂದು ಅವರಿಗೆ ಆಸೆ. ಅಂಗಡಿಯಲ್ಲಿ ಸಿಗುವ ನವಿಲು, ಬಾಳೆಕಂಬಗಳ ಪತ್ರಿಕೆ ಅವರಿಗೆ ಸೇರದು. ಕೈಯಿಂದಲೇ ಬಿಲ್ವಪತ್ರೆಗಳನ್ನೇ ಹೆಣೆದ ಬಳ್ಳಿಯೊಂದನ್ನು ಬರೆದು, ಅದನ್ನು ಕಂಪ್ಯೂಟರಿಗೆ ಏರಿಸಿ, ಎಲೆಯೆಲೆಗೂ ಬಣ್ಣ ತುಂಬುತ್ತಿದ್ದರು. ಚಿತ್ರ ದೊಡ್ಡದಾದಂತೆ ಕಂಪ್ಯೂಟರಿಗೆ ಏದುಸಿರು ಬಂತು. ಒಂದೊಂದು ಎಲೆಗೂ ಅದು ಯೋಚನೆ ಮಾಡುತ್ತ ಕೂರುತ್ತಿತ್ತು. ಮಾಸ್ತರು ಫೋನಿನಲ್ಲಿ ಸಲಹೆ ಕೇಳಿದಾಗ ನಾನು ಒಂದು ಕ್ಷಣವೂ ತಡೆಯಲಿಲ್ಲ.

"ಮೆಮೊರಿ ಕಡಿಮಿ ಐತ್ರಿ. ಇನ್ನೊಂದು ಹಾಕಿದ್ರ ಕುದುರಿ ಓಡಿಧಾಂಗ ಓಡತೈತಿ. ನಾನೇ ತಂದು ಹಾಕತೇನಿ."

ಅದುವರೆಗೆ ನಾನು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದ್ದು ಬೆರಳೆಣಿಕೆಯ ಸಲ, ಅದೂ ಪಕ್ಕದಲ್ಲಿ ತಿಳಿದವರು ನಿಂತಿದ್ದಾಗ.

ಭಾನುವಾರ ಬೆಳಿಗ್ಗೆ ಹೋದೆ. ಮಾಸ್ತರರ ತಾಯಿಯನ್ನು, ಅಂದರೆ ಗಿರಿಜಾಳ ಅಜ್ಜಿಯನ್ನು, ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಬಾಯಿ ತುಂಬ ಮಾತು. ಆಯಿ ನನ್ನ ಎದುರಿಗೇ ಕುಳಿತು ಶಸ್ತ್ರಕ್ರಿಯೆ ನೋಡತೊಡಗಿದರು.

"ಮೆಮೊರಿ ಅಂದ್ರ ನೆನಪಲ್ಲೇನ್ರಿ? ನೆನಪು ಬಜಾರದಾಗ ಸಿಗತೈತಿ?"

"ಇದಕ್ಕ ಸಿಗತೈತ್ರಿ."

"ಹಂಗಾದ್ರ ನನಗೂ ಒಂದು ತರಬೇಕಾಗಿತ್ತಲ್ಲ. ಚಷ್ಮಾ ಎಲ್ಲಿ ಇಟ್ಟೇನಿ ಅಂತ ಮುಂಜಾನಿಂದ ಹುಡುಕಾಕತ್ತೇನಿ."

ಚಷ್ಮಾ ಅವರ ತಲೆಯ ಮೇಲೇ ಇತ್ತು. ಗಿರಿಜಾ ಬಾಗಿಲ ಹಿಂದಿನಿಂದ ಕಿಸಕ್ಕನೆ ನಕ್ಕಳು. ಆ ನಗು ಕೇಳಿ ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರು ಜಾರಿತು.

ಪೆಟ್ಟಿಗೆಯ ಮಗ್ಗಲು ತೆಗೆದಾಗ ಒಳಗೆ ಹತ್ತಿ ತುಂಬಿದಂತೆ ಧೂಳು. ನಾನು ಬ್ರಷ್ಷಿನಿಂದ ಅದನ್ನು ಕೆರೆದು ತೆಗೆಯುತ್ತ, ತಿಳಿದವನ ಗತ್ತಿನಲ್ಲಿ ಹೇಳಿದೆ: "ನೋಡ್ರಿ ಆಯಿ, ಕಂಪ್ಯೂಟರಿಗೆ ಧೂಳಿನಂಥಾ ವೈರಿ ಇನ್ನೊಂದಿಲ್ಲ. ಧೂಳು ಒಳಗ ಹೋಗದಂಗ ನೋಡಿಕೊಂಡ್ರ ಸಾಕು, ನೂರು ವರ್ಷ ಬಾಳತೈತಿ."

ಆಯಿ ಗಂಭೀರವಾಗಿ ತಲೆಯಾಡಿಸಿದರು. ನನ್ನ ಬಾಯಿಂದ ಬಂದ ಆ ಮಾತು ಮುಂದೆ ಏನು ಮಾಡಲಿದೆಯೆಂದು ನನಗೆಲ್ಲಿ ಗೊತ್ತು?

ಹೊಸ ಮೆಮೊರಿ ಹಾಕಿ ಚಾಲೂ ಮಾಡಿದೆ. ಮಾಸ್ತರರ ಬಿಲ್ವಪತ್ರೆ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಪರದೆಗೆ ಬಂತು. "ಭಲೇ!" ಎಂದು ಮಾಸ್ತರು ಕೈ ತಟ್ಟಿದರು. ಒಂದು ಸ್ಕ್ರೂ ಉಳಿದಿತ್ತು, ಅದರ ಗತಿಯನ್ನು ಆಗಲೇ ಹೇಳಿದ್ದೇನೆ. ಗಿರ್ಮಿಟ್ಟು, ಮಿರ್ಚಿ ತಿಂದು, ಈ ಸಲ ಸಕ್ಕರೆ ಹಾಕಿದ ಚಹಾ ಕುಡಿದು, ಗೆದ್ದ ಪೈಲ್ವಾನನಂತೆ ಹುಬ್ಬಳ್ಳಿಯ ಬಸ್ಸು ಹತ್ತಿದೆ.

ನಾಲ್ಕೈದು ದಿನ ಕಳೆದ ಮೇಲೆ ಫೋನು ಬಂತು.

"ಅಳಿಯಾರ, ಸಣ್ಣದೊಂದು ತ್ರಾಸ ಆಗೇತ್ರಿ," ಎಂದರು ಮಾಸ್ತರು. ಅವರ ದನಿಯಲ್ಲಿ ದೂರಿರಲಿಲ್ಲ, ಬದಲಿಗೆ ಸಂಕೋಚವಿತ್ತು. "ಚಾಲೂ ಆಗತೈತಿ, ಒಂದೆರಡು ಎಲಿಗೆ ಬಣ್ಣ ತುಂಬೂದ್ರಾಗ ಫಟ್ಟನ ಆರಿಹೋಗತೈತಿ."

ಹೋದೆ. ಮೆಮೊರಿಯನ್ನು ತೆಗೆದು ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದೆ. ಇದು ನಮ್ಮ ಕಸುಬಿನವರ ಮೊದಲ ಮದ್ದು. ಮಧ್ಯಾಹ್ನದವರೆಗೆ ಕುಳಿತು ನೋಡಿದೆ. ಒಮ್ಮೆಯೂ ಆರಲಿಲ್ಲ. ಊಟ ಮಾಡಿ ಬಂದೆ. ಮಾರನೆಯ ದಿನ ಮತ್ತೆ ಫೋನು: ಆರಿತು.

ಮತ್ತೆ ಹೋದೆ. ಮೆಮೊರಿಯ ಜಾಗ ಬದಲಿಸಿದೆ. ವೈರಸ್ ಇರಬಹುದೆಂದು ಸೋಸಿ ನೋಡಿದೆ. ಕರೆಂಟಿನ ಏರಿಳಿತವಿರಬಹುದೆಂದು ಯುಪಿಎಸ್ಸಿನ ಬೆನ್ನು ತಟ್ಟಿದೆ. ನಾನಿದ್ದಷ್ಟು ಹೊತ್ತೂ ಆ ಯಂತ್ರ ಶಾಲೆಗೆ ಸಾಹೇಬರು ಬಂದಾಗ ಹುಡುಗರು ಕೂರುವಂತೆ ಕೈಕಟ್ಟಿ ಕೂತಿತ್ತು. ನಾನು ಬಸ್ಸು ಹತ್ತಿದ ಮೇಲೆ ಅದರ ಆಟ ಶುರು.

ಕೊನೆಗೆ ಹೊಸ ಮೆಮೊರಿಯನ್ನೇ ಕಿತ್ತುಕೊಂಡು ಬಂದೆ. ಇನ್ನು ಆರುವುದಕ್ಕೆ ಕಾರಣವೇ ಇರಲಿಲ್ಲ. ಆದರೂ ಆರಿತು. ನನಗೆ ಹೆದರಿಕೆಯಾದದ್ದು ಆಗಲೇ. ತಪ್ಪು ಮೆಮೊರಿಯದಲ್ಲವಾದರೆ, ಕೈ ಹಾಕಿದವನದೇ ಇರಬೇಕಲ್ಲ? ಒಳಗೆ ಏನನ್ನೋ ನಾನೇ ಹಾಳು ಮಾಡಿದ್ದೇನೆ ಎಂದು ಮನಸ್ಸು ಕೊರೆಯತೊಡಗಿತು. ತರಬೇತಿ ಕೇಂದ್ರದಲ್ಲಿ ವಿದ್ಯಾರ್ಥಿಗಳು ಪ್ರಶ್ನೆ ಕೇಳಿದರೆ ಅವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು.

ಇಷ್ಟರಲ್ಲಿ ಬಸವಂತ ಕಾಕಾ ನಡುವೆ ಬಂದರು. ಅವರು ಮಾಸ್ತರರ ತಮ್ಮ, ಅರಳೆಯ ವ್ಯಾಪಾರಿ. ಎದುರಿಗೆ ಬೆಕ್ಕು ಹಾದರೆ ಆ ದಿನ ತಕ್ಕಡಿಯನ್ನೇ ಮುಟ್ಟದ ಮನುಷ್ಯ. ಅವರು ಬಂದ ದಿನ ಮಾಸ್ತರು ಪತ್ರಿಕೆಯಲ್ಲಿ ಹೆಸರು ಹೊಡೆಯುತ್ತಿದ್ದರಂತೆ. "ಚಿರಂಜೀವಿ ಮಹಾಂತೇಶ" ಎಂದು ಮುಗಿಸಿ ಬೆರಳು ಎತ್ತುವುದರೊಳಗೆ ಪರದೆ ಕತ್ತಲಾಗಿದೆ. ಮತ್ತೆ ಚಾಲೂ ಮಾಡಿ, ಮತ್ತೆ ಅಲ್ಲಿಗೇ ಬಂದಾಗ ಮತ್ತೆ ಕತ್ತಲು. ಕಾಕಾ ಕೂತಲ್ಲಿಂದ ಎದ್ದು ನಿಂತರಂತೆ.

ಇದನ್ನು ನನಗೆ ಹೇಳಿದವಳು ಗಿರಿಜಾ. ತನ್ನ ಆಫೀಸಿನಿಂದ ನಮ್ಮ ಕೇಂದ್ರಕ್ಕೆ ಫೋನು ಮಾಡಿದ್ದಳು. ಅವಳು ನನಗೆ ಮಾಡಿದ ಮೊದಲ ಫೋನು ಅದು. ಎಂಥ ಮಾತಿಗೆ ಎಂದುಕೊಂಡು ರಿಸೀವರ್ ಹಿಡಿದಿದ್ದೆನೋ, ಬಂದದ್ದು ಬೇರೆಯೇ ಮಾತು.

"ಕಾಕಾಗ ಇದು ಶಕುನ ಛಲೋ ಕಾಣವಲ್ದಂತ್ರಿ. ನಿಮ್ಮ ಹೆಸರು ಬಂದಲ್ಲೇ ದೀಪ ಆರಿಧಾಂಗ ಆಗತೈತಿ, ನೀವು ಮುಟ್ಟಿದಾಗಿಂದ ಹಿಂಗಾಗೇತಿ ಅಂತಾರ. ಪತ್ರಿಕಿ ಛಾಪಿಸೂದು ಸದ್ಯಕ್ಕ ನಿಲ್ಲಿಸ್ರಿ ಅಂದಾರ."

"ನಿಮ್ಮ ಅಪ್ಪಾರು ಏನಂದ್ರು?"

"ಅಪ್ಪ ಸುಮ್ನ ಕುಂತಾರ. ಕಾಕಾನ ಮಾತು ಅವರು ಎಂದೂ ತಗದುಹಾಕಿಲ್ರಿ." ದನಿ ಇಳಿಸಿ ಅಂದಳು, "ಏನರ ಮಾಡ್ರಿ."

ಬಾಲ್ಯದಲ್ಲಿ ನಾನು ಮುಟ್ಟಿದರೆ ರೇಡಿಯೋ ಹಾಡುತ್ತಿತ್ತು. ಈಗ ನನ್ನ ಹೆಸರು ಬರೆದರೂ ಸಾಕು, ಯಂತ್ರ ಪ್ರಾಣ ಬಿಡುತ್ತಿದೆ. ಯಾರ ಹತ್ತಿರ ಹೇಳಲಿ? ಅವ್ವ ಆಗಲೇ ಸೀರೆ, ಬಳೆ ಎಂದು ಬಜಾರಕ್ಕೆ ಅಡ್ಡಾಡುತ್ತಿದ್ದಳು. ಅವಳ ಮುಖ ನೋಡಿ ಬಾಯಿ ಬರಲಿಲ್ಲ. ಅಂದು ಪಾಠದಲ್ಲಿ ಅಕ್ಷರ ದಪ್ಪ ಮಾಡುವುದರ ಬದಲು ಅಳಿಸುವುದನ್ನು ಹೇಳಿಕೊಟ್ಟೆನಂತೆ. ವಿದ್ಯಾರ್ಥಿನಿಯೊಬ್ಬಳು ತಿದ್ದಿದಳು.

ಮರುದಿನ ಯಾರಿಗೂ ಫೋನು ಮಾಡದೆ ಮಾಳಮಡ್ಡಿಗೆ ಹೊರಟೆ. ಫೋನು ಮಾಡಿದರೆ ಬರಬೇಡಿ ಎಂದಾರೆಂಬ ಅಂಜಿಕೆ. ಕರೆಂಟು ಪೂರೈಸುವ ಡಬ್ಬಿಯೇ ಸೋತಿರಬಹುದೆಂಬ ಕೊನೆಯ ಆಸೆಯಿಂದ, ಗೆಳೆಯನೊಬ್ಬನ ಕಂಪ್ಯೂಟರಿನಿಂದ ಅದನ್ನು ಬಿಚ್ಚಿ ಕೈಚೀಲದಲ್ಲಿ ಹಾಕಿಕೊಂಡಿದ್ದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ನವಲೂರು ದಾಟುವವರೆಗೂ ಕಾಕಾನ ಎದುರು ಏನು ಹೇಳಬೇಕೆಂದು ತುಟಿಯಲ್ಲೇ ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು.

ಬಾಗಿಲು ತೆರೆದವಳು ಗಿರಿಜಾ. ರಜೆ ಹಾಕಿದ್ದಳೋ ಏನೋ. ನನ್ನನ್ನು ನೋಡಿ, "ಅಯ್ಯ, ಹೇಳದ ಬಂದ್ರಲ್ರಿ!" ಎಂದವಳೇ ಒಳಗೆ ತಿರುಗಿ ಕೂಗಿದಳು: "ಆಯೀ, ಅವರು ಬಂದ್ರು!"

ಒಳಗೆ ಗಡಿಬಿಡಿ ಎದ್ದಿತು. ಪಡಸಾಲೆಗೆ ಕಾಲಿಟ್ಟಾಗ ಕಂಡದ್ದು ಇದು: ಮಾಸ್ತರು ಕಂಪ್ಯೂಟರಿನ ಎದುರು ಕೂತಿದ್ದಾರೆ. ಪರದೆ ಆಗಷ್ಟೇ ಆರಿದೆ. ಗೋಡೆಯ ಬದಿಯ ಕುರ್ಚಿಯಲ್ಲಿ ಬಸವಂತ ಕಾಕಾ ಕೈಕಟ್ಟಿ ಕೂತಿದ್ದಾರೆ. ಮೇಜಿನ ಕೆಳಗೆ, ಕಂಪ್ಯೂಟರಿನ ಪೆಟ್ಟಿಗೆಯ ಮುಂದೆ ಆಯಿ ಮೊಣಕಾಲೂರಿ ಏನನ್ನೋ ಜಗ್ಗುತ್ತಿದ್ದಾರೆ.

ಅದು ಕೌದಿ. ಮಕ್ಕಳಿಗೆ ಹೊದಿಸುತ್ತಾರಲ್ಲ, ಹಳೆಯ ಸೀರೆಗಳನ್ನು ಪದರಪದರವಾಗಿ ಹಾಕಿ ಕೈಹೊಲಿಗೆ ಹಾಕಿದ ದಪ್ಪ ಕೌದಿ, ಅದೇ. ಪೆಟ್ಟಿಗೆಯ ಅಳತೆಗೆ ಸರಿಯಾಗಿ ಟೊಪ್ಪಿಗೆಯ ಹಾಗೆ ಹೊಲಿದು ತಲೆಯಿಂದ ಬುಡದವರೆಗೆ ಇಳಿಬಿಟ್ಟಿದ್ದರು. ಹಿಂದೆ ತಂತಿಗಳು ಹೊರಬರಲು ಒಂದು ಸೀಳು, ಮುಂದೆ ಗುಂಡಿ ಒತ್ತಲು ಕಾಜಾ ಹಾಕಿದ ಒಂದು ತೂತು. ಉಳಿದಂತೆ ಗಾಳಿ ಆಡಲು ಸೂಜಿಮೊನೆಯಷ್ಟೂ ಜಾಗವಿಲ್ಲ.

"ಹೇಳಿ ಬಂದಿದ್ರ ತಗದಿಡತಿದ್ವಿ," ಎಂದರು ಆಯಿ ನಾಚಿಕೊಂಡು. "ಹಳೇ ಸೀರಿ ತುಣುಕು. ಅಳಿಯಂದ್ರ ಕಣ್ಣಿಗೆ ಬೀಳಬಾರದು ಅಂತ ನೀವು ಬರೂ ದಿನ ತಗದು ಟ್ರಂಕಿನ್ಯಾಗ ಇಡೂದು."

ನಾನು ಕೈಚೀಲವನ್ನು ಅಲ್ಲೇ ಬಿಟ್ಟು ಬಗ್ಗಿದೆ. ಪೆಟ್ಟಿಗೆಗೆ ಅಂಗೈ ಹಚ್ಚಿ ಚಟ್ಟನೆ ಹಿಂದೆಗೆದೆ. ರೊಟ್ಟಿ ಬೇಯಿಸುವ ಹಂಚಿನಂತೆ ಕಾದಿತ್ತು. ಒಳಗಿನ ಸೆಕೆ ಹೊರಬೀಳಲು ದಾರಿಯಿಲ್ಲದೆ, ಪಾಪ, ಆ ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ತಾನೇ ಆರುತ್ತಿತ್ತು. ಇಷ್ಟು ದಿನದ ಗಂಟು ಕ್ಷಣಮಾತ್ರದಲ್ಲಿ ಬಿಚ್ಚಿಕೊಂಡಿತು. ಮೆಮೊರಿಯಲ್ಲ, ವೈರಸ್ಸಲ್ಲ, ನನ್ನ ಕೈಯಲ್ಲ, ನನ್ನ ಹೆಸರಂತೂ ಅಲ್ಲವೇ ಅಲ್ಲ. ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಎಷ್ಟೋ ದಿನದ ಮೇಲೆ ಉಸಿರು ಹೊಟ್ಟೆಯವರೆಗೆ ಹೋಯಿತು.

ಆದರೆ ಹೇಳುವುದು ಹೇಗೆ? ಕೌದಿಯ ಮೇಲೆ ಕೈಯಾಡಿಸಿದೆ. ಇಳಕಲ್ಲ ಸೀರೆಯ ಸೆರಗು, ಯಾರದೋ ಲಂಗದ ಹೂವಿನ ತುಂಡು, ನಡುವೆ ನಾಲ್ಕು ದಿಕ್ಕಿಗೆ ನಾಲ್ಕು ಬಿಲ್ವದೆಲೆ. ಮಗನ ಚಿತ್ರ ನೋಡಿ ಹೊಲಿದದ್ದು. ಆ ವಯಸ್ಸಿನ ಕಣ್ಣುಗಳಿಂದ ಒಂದೊಂದು ಹೊಲಿಗೆಯೂ ಸಾಲು ತಪ್ಪದೆ ಹೋಗಿತ್ತು. ಧೂಳು ವೈರಿ ಎಂದ ನನ್ನ ಒಂದು ಮಾತಿಗೆ ಇಷ್ಟು ದುಡಿಮೆ. ನನ್ನ ಮಾತನ್ನು ಅಷ್ಟು ಮನಸ್ಸಿಟ್ಟು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ, ಶುಲ್ಕ ಕೊಟ್ಟು ಬಂದ ವಿದ್ಯಾರ್ಥಿಗಳು ಸಹ. ಕಾಕಾ ಎದುರಿಗೇ ಇದ್ದಾರೆ. ತಪ್ಪೆಲ್ಲ ಈ ಕೌದಿಯದು ಎಂದು ಹೇಗೆ ಬಾಯಿಬಿಡಲಿ?

"ಏನಾತ್ರಿ?" ಎಂದರು ಮಾಸ್ತರು.

"ಏನಿಲ್ರಿ... ಈ ಕರೆಂಟಿನ ಡಬ್ಬಿ ಒಂದು ಸಲ ಬದಲು ಮಾಡಿ..." ಎಂದು ತೊದಲುತ್ತ ಕೈಚೀಲಕ್ಕೆ ಕೈಹಾಕಿದೆ.

ಆಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಅವರೂ ಪೆಟ್ಟಿಗೆಯ ಮೇಲೆ ಕೈಯಿಟ್ಟರು. ತೆಗೆದರು. ಕೌದಿಯನ್ನು ನೋಡಿದರು.

"ಖರೇ ಹೇಳ್ರಿ. ಇದರಿಂದ ಹೌದೋ ಅಲ್ಲೋ?"

"ನಾನೇ ಹೇಳಿದ್ನಲ್ರಿ ಆಯಿ, ಧೂಳು ಹೋಗಬಾರದು ಅಂತ..."

"ಹೌದೋ ಅಲ್ಲೋ ಹೇಳ್ರಿ ಅಂದ್ರ."

"ಹೌದ್ರಿ. ಒಳಗಿನ ಸೆಕಿಗೆ ಹೊರಗ ಹೋಗಾಕ ದಾರಿ ಇಲ್ಲ."

ಆಯಿ ನಗತೊಡಗಿದರು. ಮೊದಲು ಭುಜ ಅಲುಗಿತು, ಆಮೇಲೆ ಇಡೀ ಮೈ. ಸೆರಗಿನಿಂದ ಕಣ್ಣೊರೆಸಿಕೊಂಡು ಕಿರಿಮಗನ ಕಡೆ ತಿರುಗಿದರು.

"ಕೇಳಿದೇನೋ ಬಸವಂತಾ? ಹುಡುಗಂದಲ್ಲ, ನಂದು ಶಕುನ! ಈ ಬ್ಯಾಸಿಗ್ಯಾಗ ಅದಕ್ಕ ಕೌದಿ ಹೊಚ್ಚಿ ಕುಂದ್ರಿಸೇನಿ, ಅದು ಆರದ ಏನು ಮಾಡೀತು? ಕೊರಳಾಗ ಲಿಂಗ ಕಟಿಗೊಂಡು ಶಕುನ ನೋಡತಾನಂತ!"

ಕಾಕಾ ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. ವ್ಯಾಪಾರಸ್ಥರು, ಮಾಲು ಹಿಂಜಿ ನೋಡದೆ ದರ ಹೇಳರು. "ಮಷಿನ್ನಿಗೂ ಸೆಕಿ ಆಗತೈತೇನು? ಅಣ್ಣಾ, ಚಾಲೂ ಮಾಡು, ನೋಡೂಣು," ಎಂದು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಮೊದಲು ಪೆಟ್ಟಿಗೆ ತಣ್ಣಗಾಗಲೆಂದು ನಾನು ಮೇಜಿನ ಫ್ಯಾನನ್ನು ಅದರ ಕಡೆ ತಿರುಗಿಸಿದೆ. ಸೆಕೆಗೆ ಅಂಗಿಯ ಗುಂಡಿ ಬಿಚ್ಚಿಕೊಂಡಿದ್ದ ಕಾಕಾ ಆ ಗಾಳಿ ತಮಗೂ ತಾಗುವಂತೆ ಸ್ವಲ್ಪ ಸರಿದು ಕೂತರು. ನಾನು ನೋಡದವನಂತೆ ಇದ್ದೆ.

ಮಾಸ್ತರು ಚಾಲೂ ಮಾಡಿದರು. ಬಿಲ್ವದ ಬಳ್ಳಿ ಬಂತು. ಎಲೆಗಳಿಗೆ ಬಣ್ಣ ಬಂತು. "ಚಿರಂಜೀವಿ" ಎಂದು ಹೊಡೆದರು. ಎಲ್ಲರ ಕಣ್ಣೂ ಪರದೆಯ ಮೇಲೆ. ಗಿರಿಜಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮಾಸ್ತರು ಒಂದೊಂದೇ ಅಕ್ಷರವಾಗಿ ನನ್ನ ಹೆಸರನ್ನು ಮುಗಿಸಿದರು. ಪರದೆ ಬೆಳಗುತ್ತಲೇ ಇತ್ತು. ಚಹಾ ಕುಡಿದೆವು, ಊಟವಾಯಿತು, ಕಾಕಾ ಒಂದು ಸಣ್ಣ ನಿದ್ದೆ ತೆಗೆದು ಎದ್ದು ಬಂದರು. ಅದು ಬೆಳಗುತ್ತಲೇ ಇತ್ತು. ನಾನು ಕಿತ್ತೊಯ್ದಿದ್ದ ಮೆಮೊರಿಯನ್ನು ಜೇಬಿನಿಂದ ತೆಗೆದು ಮತ್ತೆ ಕೂರಿಸಿದೆ. ಆಗಂತೂ ಬಳ್ಳಿ ಪರದೆಯ ಮೇಲೆ ಓಡಾಡಿತು.

ಕಾಕಾ ಗಂಟಲು ಸರಿಮಾಡಿಕೊಂಡರು. "ಅಣ್ಣಾ, ಇದನ್ನ ಸೀಡಿಯೊಳಗ ಹಾಕಿ ಕೊಡು. ಛಾಪಖಾನಿಗೆ ನಾನೇ ಒಯ್ತೇನಿ." ಆಮೇಲೆ ನನ್ನ ಕಡೆ ನೋಡದೆ, ಫ್ಯಾನಿಗೆ ಹೇಳುವವರಂತೆ ಹೇಳಿದರು: "ಅಕ್ಷರ ಇನ್ನಷ್ಟು ದಪ್ಪ ಮಾಡ್ರಿ. ಹುಡುಗನ ಹೆಸರು ದೂರಿಂದ ಕಾಣಬೇಕು."

ದಪ್ಪ ಮಾಡುವ ವಿದ್ಯೆ ನನಗೆ ಚೆನ್ನಾಗಿ ಗೊತ್ತಿತ್ತು. ಮಾಡಿದೆ.

ಹೊರಡುವಾಗ ಆಯಿ ಕೌದಿಯ ಹೊಲಿಗೆ ಬಿಚ್ಚುತ್ತ ಕೂತಿದ್ದರು. ಬಿಡಿಸಿ ದೊಡ್ಡದು ಮಾಡುವುದಂತೆ, ಮದುವೆಗೆ ಬರುವ ಕೂಸುಗಳಿಗಾದರೂ ಆದೀತು ಎಂದರು. ಗೇಟಿನವರೆಗೆ ಬಿಟ್ಟುಬರಲು ಮಾಸ್ತರು ಗಿರಿಜಾಳನ್ನು ಕಳಿಸಿದರು. ಬೇಕೆಂದೇ ಕಳಿಸಿದರೋ, ಚಪ್ಪಲಿ ಸಿಗಲಿಲ್ಲವೋ, ಇಂದಿಗೂ ನನಗೆ ತಿಳಿಯದು. ಗೇಟಿನ ಅಗುಳಿ ತೆಗೆಯುತ್ತ ನಾನು, "ಅಂತೂ ರಿಪೇರಿ ಆತ್ರಿ," ಎಂದೆ, ಗೆದ್ದವನಂತೆ.

ಅವಳು ಗೇಟಿನ ಮೇಲಿನ ಒಣ ಎಲೆಯೊಂದನ್ನು ಬೆರಳಿನಿಂದ ತಳ್ಳಿದಳು. "ಹೌದ್ರಿ," ಎಂದಳು. "ಭಾಳ ಲಗೂ ಆತು."

ನಾನು ಬಸ್‌ಸ್ಟಾಪಿನಲ್ಲಿ ನಿಂತು ಅವಳು ತುಂಬ ಬೇಗ ಎಂದದ್ದು ಹೊಗಳಿಕೆಯೋ ಬೇಸರವೋ ಎಂದು ಲೆಕ್ಕ ಹಾಕುತ್ತ ಹುಬ್ಬಳ್ಳಿಯ ಬಸ್ಸುಗಳನ್ನು ಹೋಗಗೊಟ್ಟೆ. ಒಂದಕ್ಕೂ ಕೈ ಮಾಡಲಿಲ್ಲ.

ಒಂದು ವಾರದ ಮೇಲೆ ಧೈರ್ಯ ಮಾಡಿ ಮಾಳಮಡ್ಡಿಗೆ ಫೋನು ಮಾಡಿದೆ. ಪುಣ್ಯಕ್ಕೆ ಅವಳೇ ಎತ್ತಿದಳು.

"ಕಂಪ್ಯೂಟರ್ ಹೆಂಗೈತ್ರಿ? ಮತ್ತ ಆರಿಲ್ಲಲ್ಲ?"

"ಇಲ್ರಿ, ಒಮ್ಮಿನೂ ಆರಿಲ್ಲ. ಆದ್ರ ಕೀಬೋರ್ಡಿನ್ಯಾಗ ಒಂದು ಅಕ್ಷರ ಸ್ವಲ್ಪ ಅಂಟಾಕತ್ತೈತಿ."

"ಯಾವ ಅಕ್ಷರ?"

"ಅದನ್ನ ನೀವೇ ಬಂದು ಹುಡುಕಬೇಕ್ರಿ."